ಟೆಲ್ಮಿಸಾರ್ಟಾನಾ, ಲೋಸಾರ್ಟಾನಾ? ಬರೀ ಬಿಪಿ ನೋಡಿ ಆರಿಸಿದರೆ ಸಾಲದು

ನಿಮ್ಮ ಚೀಟಿಯಲ್ಲಿ ಟೆಲ್ಮಿಸಾರ್ಟಾನ್ ಇದೆ, ಇನ್ನೊಬ್ಬರದರಲ್ಲಿ ಲೋಸಾರ್ಟಾನ್, ಮತ್ತೊಬ್ಬರದರಲ್ಲಿ ಓಲ್ಮೆಸಾರ್ಟಾನ್. ಮೂವರಿಗೂ ಇರುವುದು ಬಿಪಿಯೇ. ಹಾಗಾದರೆ ಯಾವ ಡಾಕ್ಟರ್ ಸರಿ ಬರೆದರು? ಹೆಚ್ಚಿನ ಪಾಲು ಮೂವರೂ ಸರಿಯೇ ಬರೆದಿರುತ್ತಾರೆ. ಬಿಪಿ ಇಳಿಸುವ ಮಟ್ಟಿಗೆ ಈ ಸಾರ್ಟಾನ್‌ಗಳ ನಡುವೆ ಇರುವ ವ್ಯತ್ಯಾಸ ಸಣ್ಣದು. ಆರಿಸುವಾಗ ನಿಜವಾಗಿ ನೋಡಬೇಕಾದ್ದು ಬಿಪಿ ಜೊತೆಗೆ ನಿಮಗೆ ಇನ್ನೇನಿದೆ ಅನ್ನುವುದನ್ನು: ಶುಗರ್ ಇದೆಯಾ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯಾ, ಯೂರಿಕ್ ಆಸಿಡ್ ಏರಿದೆಯಾ, ಹೃದಯ ಸೋತಿದೆಯಾ, ಮೈಗ್ರೇನ್ ಕಾಡುತ್ತಿದೆಯಾ. ಇದನ್ನು ಓದಿ ನೀವೇ ಮಾತ್ರೆ ಬದಲಿಸಿಕೊಳ್ಳಬೇಡಿ. ಡಾಕ್ಟರ್ ಹತ್ತಿರ ಸರಿಯಾದ ಪ್ರಶ್ನೆ ಕೇಳಲಿಕ್ಕೆ ಬಳಸಿಕೊಳ್ಳಿ, ಸಾಕು.

ಮೊದಲು ಇವು ಮಾಡುವ ಕೆಲಸ ಏನು ಅಂತ ಎರಡು ಮಾತು. ಕಿಡ್ನಿ ರೆನಿನ್ ಅನ್ನುವ ವಸ್ತುವನ್ನು ರಕ್ತಕ್ಕೆ ಬಿಡುತ್ತದೆ. ಅದರಿಂದ ಆಂಜಿಯೋಟೆನ್ಸಿನ್ 1 ಆಗುತ್ತದೆ, ಎಸಿಇ ಎಂಬ ಕಿಣ್ವ ಅದನ್ನು ಆಂಜಿಯೋಟೆನ್ಸಿನ್ 2 ಮಾಡುತ್ತದೆ. ತಂಟೆಕೋರ ಈ ಎರಡನೆಯದೇ. ಎಟಿ1 ಅನ್ನುವ ಗ್ರಾಹಕದ (ಜೀವಕೋಶದ ಮೇಲೆ ಇಂಥ ವಸ್ತುಗಳು ಬಂದು ಕೂರುವ ಜಾಗ, ರಿಸೆಪ್ಟರ್) ಮೇಲೆ ಇದು ಹೋಗಿ ಕೂತರೆ ರಕ್ತನಾಳ ಬಿಗಿಯುತ್ತದೆ, ಆಲ್ಡೋಸ್ಟೆರಾನ್ ಜಾಸ್ತಿಯಾಗಿ ಮೈಯಲ್ಲಿ ಉಪ್ಪು ನೀರು ನಿಲ್ಲುತ್ತದೆ, ಬಿಪಿ ಏರುತ್ತದೆ. ಸಾರ್ಟಾನ್ ಮಾಡುವುದಿಷ್ಟೇ: ಸೀಟಿಗೆ ಮೊದಲೇ ಟವಲ್ ಹಾಕಿಟ್ಟ ಹಾಗೆ ಎಟಿ1 ಜಾಗವನ್ನು ಹಿಡಿದುಬಿಡುತ್ತದೆ. ಆಂಜಿಯೋಟೆನ್ಸಿನ್ 2 ಬರುತ್ತದೆ, ಕೂರಲು ಜಾಗ ಸಿಗುವುದಿಲ್ಲ. ಈ ಎಟಿ1 ಬರೀ ರಕ್ತನಾಳದಲ್ಲಿಲ್ಲ, ಕಿಡ್ನಿಯಲ್ಲಿದೆ, ಹೃದಯದ ಸ್ನಾಯುವಿನಲ್ಲಿದೆ, ಮಿದುಳಿನಲ್ಲೂ ಇದೆ. ಅದಕ್ಕೇ ಬಿಪಿ ಮಾತ್ರೆಯೊಂದರ ಬಗ್ಗೆ ಕಿಡ್ನಿಯಿಂದ ಹಿಡಿದು ಮರೆವಿನ ಕಾಯಿಲೆವರೆಗೆ ಇಷ್ಟೊಂದು ಸಂಶೋಧನೆ ನಡೆದಿರುವುದು. ಇದರಲ್ಲಿ ಕೆಲವು ಗಟ್ಟಿ, ಕೆಲವು ಟೊಳ್ಳು.

ಎಸಿಇ ಮಾತ್ರೆಗೂ ಇದಕ್ಕೂ ಏನು ವ್ಯತ್ಯಾಸ?

ರಾಮಿಪ್ರಿಲ್, ಎನಾಲಾಪ್ರಿಲ್ ಥರದ 'ಪ್ರಿಲ್' ಮಾತ್ರೆಗಳು ಇದೇ ದಾರಿಯನ್ನು ಒಂದು ಹೆಜ್ಜೆ ಮೊದಲೇ ತಡೆಯುತ್ತವೆ, ಎಸಿಇ ಕಿಣ್ವವನ್ನೇ ಕಟ್ಟಿಹಾಕುತ್ತವೆ. ತೊಂದರೆ ಎಂದರೆ ಅದೇ ಕಿಣ್ವ ಬ್ರಾಡಿಕೈನಿನ್ ಅನ್ನುವ ಇನ್ನೊಂದು ವಸ್ತುವನ್ನೂ ಒಡೆಯುತ್ತಿರುತ್ತದೆ. ಕಿಣ್ವ ನಿಂತರೆ ಬ್ರಾಡಿಕೈನಿನ್ ಸೇರಿಕೊಳ್ಳುತ್ತದೆ. ಆಗ ಕೆಲವರಿಗೆ ಒಣ ಕೆಮ್ಮು ಶುರು. ಕಫ ಇಲ್ಲ, ಜ್ವರ ಇಲ್ಲ, ಸಿರಪ್ ಕುಡಿದರೂ ಹೋಗುವುದಿಲ್ಲ. ಎಷ್ಟೋ ಜನ ಎದೆಯ ಎಕ್ಸ್‌ರೇ ತೆಗೆಸಿಕೊಂಡು ಓಡಾಡುತ್ತಾರೆ, ಕಾರಣ ನೋಡಿದರೆ ದಿನಾ ಬೆಳಿಗ್ಗೆ ನುಂಗುವ ಬಿಪಿ ಮಾತ್ರೆ. ಅಪರೂಪಕ್ಕೆ ತುಟಿ, ನಾಲಿಗೆ, ಗಂಟಲು ಊದಿಕೊಳ್ಳುವುದೂ ಉಂಟು, ಅದು ಆಟದ ಮಾತಲ್ಲ, ತಕ್ಷಣ ಆಸ್ಪತ್ರೆಗೆ ಓಡಬೇಕು.

ಎರಡನ್ನೂ ನೇರವಾಗಿ ಎದುರುಬದುರು ನಿಲ್ಲಿಸಿದ ದೊಡ್ಡ ಪ್ರಯೋಗ 2008ರಲ್ಲಿ ಪ್ರಕಟವಾದ ಆನ್‌ಟಾರ್ಗೆಟ್. 25,620 ಜನ, ಎಲ್ಲರೂ ಹೃದಯ-ರಕ್ತನಾಳದ ಕಾಯಿಲೆ ಇದ್ದವರು ಇಲ್ಲವೇ ಅಂಗಾಂಗಕ್ಕೆ ಏಟು ಕೊಟ್ಟ ಶುಗರ್ ಇದ್ದವರು. ಒಂದು ಗುಂಪಿಗೆ ರಾಮಿಪ್ರಿಲ್, ಇನ್ನೊಂದಕ್ಕೆ ಟೆಲ್ಮಿಸಾರ್ಟಾನ್, ಮೂರನೆಯದಕ್ಕೆ ಎರಡೂ. ಹೃದಯದ ಕಾರಣಕ್ಕೆ ಸಾವು, ಹೃದಯಾಘಾತ, ಲಕ್ವ, ಹಾರ್ಟ್ ಫೇಲ್ಯೂರ್‌ಗೆ ಆಸ್ಪತ್ರೆ ಸೇರುವುದು, ಇವನ್ನೆಲ್ಲ ಒಟ್ಟಿಗೆ ಎಣಿಸಿದರೆ ರಾಮಿಪ್ರಿಲ್ ಗುಂಪಿನಲ್ಲಿ ಶೇ. 16.5, ಟೆಲ್ಮಿಸಾರ್ಟಾನ್ ಗುಂಪಿನಲ್ಲಿ ಶೇ. 16.7. ಅಂದರೆ ಸಮಸಮ. ಆದರೆ ಕೆಮ್ಮಿನಿಂದ ಮಾತ್ರೆ ಬಿಟ್ಟವರು ರಾಮಿಪ್ರಿಲ್‌ನಲ್ಲಿ ಶೇ. 4.2, ಟೆಲ್ಮಿಸಾರ್ಟಾನ್‌ನಲ್ಲಿ ಬರೀ 1.1. ಹಾಗಾದರೆ ಎರಡನ್ನೂ ಸೇರಿಸಿದರೆ ಡಬಲ್ ಲಾಭ ಅಲ್ವಾ? ಅಲ್ಲ. ಲಾಭ ಒಂದಿಷ್ಟೂ ಜಾಸ್ತಿ ಆಗಲಿಲ್ಲ, ತಲೆಸುತ್ತು ಮತ್ತು ಕಿಡ್ನಿಯ ತೊಂದರೆ ಮಾತ್ರ ಜಾಸ್ತಿ ಆಯಿತು. ಆಮೇಲೆ 2013ರಲ್ಲಿ ಶುಗರ್‌ನಿಂದ ಕಿಡ್ನಿ ಕೆಟ್ಟವರಲ್ಲಿ ಲೋಸಾರ್ಟಾನ್ ಜೊತೆ ಲಿಸಿನೋಪ್ರಿಲ್ ಸೇರಿಸಿ ನೋಡಿದ ಅಮೆರಿಕದ ಪ್ರಯೋಗವನ್ನು ಪೊಟ್ಯಾಸಿಯಂ ಏರಿಕೆ ಮತ್ತು ಕಿಡ್ನಿಯ ಅಪಾಯ ನೋಡಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಆದ್ದರಿಂದ ನಿಮ್ಮ ಚೀಟಿಯಲ್ಲಿ ಒಂದು 'ಪ್ರಿಲ್', ಒಂದು 'ಸಾರ್ಟಾನ್' ಎರಡೂ ಇದ್ದರೆ ಕೇಳಿ. ಇಬ್ಬರು ಬೇರೆ ಬೇರೆ ಡಾಕ್ಟರ್ ಬರೆದು, ಒಬ್ಬರಿಗೆ ಇನ್ನೊಬ್ಬರ ಚೀಟಿ ಗೊತ್ತಿಲ್ಲದೆ ಹೀಗಾಗಿರಬಹುದು.

ಟವಲ್ ಎಷ್ಟು ಹೊತ್ತು ಇರುತ್ತದೆ

ಸಾರ್ಟಾನ್‌ಗಳ ನಡುವೆ ಕಣ್ಣಿಗೆ ಕಾಣುವ ಮೊದಲ ವ್ಯತ್ಯಾಸ ಇದು. 1995ರಲ್ಲಿ ಮಾರುಕಟ್ಟೆಗೆ ಬಂದ ಲೋಸಾರ್ಟಾನ್ ಈ ಮನೆಯ ಹಿರಿಯಣ್ಣ. ಅದರ ಅರ್ಧಾಯುಷ್ಯ, ಅಂದರೆ ರಕ್ತದಲ್ಲಿ ಅರ್ಧಕ್ಕೆ ಇಳಿಯುವ ಸಮಯ, ಸುಮಾರು 2 ಗಂಟೆ ಅಷ್ಟೇ. ಅದರಲ್ಲಿ ಒಂದು ಪಾಲು ಲಿವರ್‌ನಲ್ಲಿ ಇನ್ನೂ ಬಲವಾದ ಇನ್ನೊಂದು ರೂಪಕ್ಕೆ ತಿರುಗುತ್ತದೆ, ಆ ರೂಪ 6ರಿಂದ 9 ಗಂಟೆ ನಿಲ್ಲುತ್ತದೆ. ವಾಲ್ಸಾರ್ಟಾನ್ ಸುಮಾರು 6 ಗಂಟೆ, ಕ್ಯಾಂಡೆಸಾರ್ಟಾನ್ 9, ಅಜಿಲ್ಸಾರ್ಟಾನ್ 11, ಓಲ್ಮೆಸಾರ್ಟಾನ್ 13ರ ಆಸುಪಾಸು, ಇರ್ಬೆಸಾರ್ಟಾನ್ 11ರಿಂದ 15. ಟೆಲ್ಮಿಸಾರ್ಟಾನ್ ಮಾತ್ರ ಸುಮಾರು 24 ಗಂಟೆ. ರಕ್ತದಲ್ಲಿ ಇರುವ ಹೊತ್ತು ಮತ್ತು ಗ್ರಾಹಕವನ್ನು ಹಿಡಿದು ಕೂರುವ ಹೊತ್ತು ಎರಡೂ ಒಂದೇ ಅಲ್ಲ, ಕ್ಯಾಂಡೆಸಾರ್ಟಾನ್ ಗಂಟೆ ಕಡಿಮೆ ಇದ್ದರೂ ಹಿಡಿತ ಬಿಗಿ. ಹಾಗಾಗಿ ಈ ಅಂಕಿ ನೋಡಿ ಓಟದ ಪಂದ್ಯದಂತೆ ಒಂದು ಎರಡು ಮೂರು ಅಂತ ಸ್ಥಾನ ಕೊಡಬೇಡಿ.

ಆದರೂ ದಿನಬಳಕೆಯಲ್ಲಿ ಇದಕ್ಕೊಂದು ಅರ್ಥ ಇದೆ. ಬೆಳಿಗ್ಗೆ ಮಾತ್ರೆ ನುಂಗುವ ಮೊದಲು ಬಿಪಿ ನೋಡಿದರೆ ಜಾಸ್ತಿ, ಮಧ್ಯಾಹ್ನ ನೋಡಿದರೆ ಸರಿ, ದಿನಾ ಇದೇ ಕಥೆ ಅಂತಾದರೆ ಹಿಂದಿನ ದಿನದ ಮಾತ್ರೆ ರಾತ್ರಿಯೇ ಸೋತಿದೆ ಅಂತ ಅನುಮಾನ ಪಡಬಹುದು. ಲೋಸಾರ್ಟಾನ್‌ನಲ್ಲಿ ಇದು ಹೆಚ್ಚು ಕಾಣುತ್ತದೆ, ಅದಕ್ಕೇ ಕೆಲವರಿಗೆ ದಿನಕ್ಕೆ ಎರಡು ಸಲ ಕೊಡುತ್ತಾರೆ. ವಾರಕ್ಕೊಮ್ಮೆ ಮಾತ್ರೆ ಮರೆಯುವ ಜಾಯಮಾನದವರಿಗೆ ಟೆಲ್ಮಿಸಾರ್ಟಾನ್ ಸ್ವಲ್ಪ ಕ್ಷಮಿಸುತ್ತದೆ, ಮರೆತ ದಿನವೂ ಒಂದಿಷ್ಟು ಉಳಿದಿರುತ್ತದೆ. ಬರೀ ಬಿಪಿ ಅಂಕಿಯೇ ಮುಖ್ಯ ಎಂದರೆ 2011ರಲ್ಲಿ ಬಂದ ಅಜಿಲ್ಸಾರ್ಟಾನ್ ಮುಂದಿದೆ. ದಿನವಿಡೀ ಬಿಪಿ ಅಳೆದ ಹೋಲಿಕೆಯಲ್ಲಿ ಅದರ 80 ಮಿಲಿಗ್ರಾಂ, ವಾಲ್ಸಾರ್ಟಾನ್ 320 ಮತ್ತು ಓಲ್ಮೆಸಾರ್ಟಾನ್ 40ಕ್ಕಿಂತ ಕೆಲವು ಪಾಯಿಂಟ್ ಹೆಚ್ಚು ಇಳಿಸಿತು. ಆದರೆ ಅದರಿಂದ ಹೃದಯಾಘಾತ, ಲಕ್ವ ಕಡಿಮೆ ಆಗುತ್ತದೆ ಎಂದು ತೋರಿಸುವ ದೊಡ್ಡ ಪ್ರಯೋಗ ಅದರ ಬೆನ್ನಿಗಿಲ್ಲ. ನನಗಂತೂ ನಾಲ್ಕು ಪಾಯಿಂಟ್ ಜಾಸ್ತಿ ಇಳಿಸುವ ಹೊಸದಕ್ಕಿಂತ ಸಾವಿರಾರು ಜನರ ಮೇಲೆ ಐದು ವರ್ಷ ಪಳಗಿದ ಹಳೆಯದರ ಮೇಲೇ ನಂಬಿಕೆ ಹೆಚ್ಚು.

ಶುಗರ್, ಕಿಡ್ನಿ, ಮೂತ್ರದಲ್ಲಿ ಪ್ರೋಟೀನ್

ಸಾರ್ಟಾನ್‌ಗಳು ನಿಜಕ್ಕೂ ಹೆಸರು ಮಾಡಿದ್ದು ಇಲ್ಲಿ. 2001ರಲ್ಲಿ ಒಂದೇ ವರ್ಷ ಮೂರು ಪ್ರಯೋಗಗಳ ಫಲಿತಾಂಶ ಬಂತು. ಮೂರೂ ಟೈಪ್ 2 ಶುಗರ್ ಇದ್ದವರ ಮೇಲೆ ನಡೆದದ್ದು.

ಮೊದಲನೆಯದು ಲೋಸಾರ್ಟಾನ್‌ನದು, ರೆನಾಲ್ ಅಂತ ಹೆಸರು, 1,513 ಜನ. ಈಗಾಗಲೇ ಕಿಡ್ನಿಗೆ ಏಟು ಬಿದ್ದಿದ್ದವರಲ್ಲಿ ಡಯಾಲಿಸಿಸ್ ಅಥವಾ ಕಸಿಯ ಹಂತ ತಲುಪುವ ಸಂಭವ ಶೇ. 28ರಷ್ಟು ಇಳಿಯಿತು. ಎರಡನೆಯದು ಇರ್ಬೆಸಾರ್ಟಾನ್‌ನದು, 1,715 ಜನ, ನನ್ನ ಪ್ರಕಾರ ಮೂರರಲ್ಲಿ ಹೆಚ್ಚು ಪಾಠ ಹೇಳುವುದು ಇದೇ. ಯಾಕೆಂದರೆ ಅಲ್ಲಿ ಹೋಲಿಕೆಗೆ ಅಮ್ಲೋಡಿಪಿನ್ ಎಂಬ ಬೇರೆ ಜಾತಿಯ ಬಿಪಿ ಮಾತ್ರೆ ಕೂಡ ಇತ್ತು. ಬಿಪಿ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ ಸಮ ಇಳಿಯಿತು. ಆದರೂ ಕ್ರಿಯಾಟಿನಿನ್ (ಕಿಡ್ನಿ ಸೋತಂತೆ ರಕ್ತದಲ್ಲಿ ಏರುವ ತ್ಯಾಜ್ಯ) ದುಪ್ಪಟ್ಟಾಗುವುದು, ಕಿಡ್ನಿ ಪೂರ್ತಿ ನಿಲ್ಲುವುದು, ಸಾವು, ಇವಿಷ್ಟನ್ನೂ ಒಟ್ಟು ಲೆಕ್ಕ ಹಾಕಿದರೆ ಇರ್ಬೆಸಾರ್ಟಾನ್ ಗುಂಪಿನಲ್ಲಿ ಅಮ್ಲೋಡಿಪಿನ್ ಗುಂಪಿಗಿಂತ ಶೇ. 23 ಕಡಿಮೆ. ಹಾಗಾಗಿ ಇದು ಬರೀ ಬಿಪಿ ಇಳಿದದ್ದರ ಫಲ ಅಲ್ಲ. ಕಿಡ್ನಿಯ ಸೋಸುವ ಗೂಡಿನಿಂದ ರಕ್ತ ಹೊರಹೋಗುವ ಸಣ್ಣ ನಾಳವನ್ನು ಆಂಜಿಯೋಟೆನ್ಸಿನ್ 2 ಹಿಂಡಿ ಹಿಡಿದಿರುತ್ತದೆ. ಸಾರ್ಟಾನ್ ಆ ಹಿಡಿತ ಬಿಡಿಸಿದಾಗ ಗೂಡಿನ ಒಳಗಿನ ಒತ್ತಡ ತಗ್ಗುತ್ತದೆ, ಪ್ರೋಟೀನ್ ಸೋರುವುದು ಕಡಿಮೆಯಾಗುತ್ತದೆ. ಮೂರನೆಯದೂ ಇರ್ಬೆಸಾರ್ಟಾನ್‌ನದೇ, ಆದರೆ ಆರಂಭದ ಹಂತದವರ ಮೇಲೆ, ಮೂತ್ರದಲ್ಲಿ ಚೂರುಚೂರು ಆಲ್ಬುಮಿನ್ ಕಾಣುತ್ತಿದ್ದ 590 ಜನರ ಮೇಲೆ. ಎರಡು ವರ್ಷದಲ್ಲಿ ಮುಂದಿನ ಹಂತಕ್ಕೆ ಜಾರಿದವರು ಔಷಧವಿಲ್ಲದ ಸುಳ್ಳು ಮಾತ್ರೆ ತಿಂದವರಲ್ಲಿ ಶೇ. 14.9, 150 ಮಿಲಿಗ್ರಾಂ ತಿಂದವರಲ್ಲಿ 9.7, 300 ಮಿಲಿಗ್ರಾಂ ತಿಂದವರಲ್ಲಿ 5.2. ಡೋಸ್ ಏರಿದಂತೆ ಲಾಭ ಏರಿದೆ ನೋಡಿ. ಬಿಪಿ ಸರಿ ಇದೆಯಲ್ಲ ಅಂತ ಕಿಡ್ನಿಯವರಿಗೆ ಅರ್ಧ ಡೋಸಿನಲ್ಲೇ ನಿಲ್ಲಿಸುವುದು ಯಾಕೆ ಸರಿ ಅಲ್ಲ ಅನ್ನುವುದಕ್ಕೆ ಇದೇ ಉತ್ತರ.

ಹಾಗಾಗಿ ಶುಗರ್ ಜೊತೆ ಪ್ರೋಟೀನ್ ಸೋರಿಕೆ ಇದ್ದರೆ ನೇರ ಪುರಾವೆ ಇರುವುದು ಲೋಸಾರ್ಟಾನ್ ಮತ್ತು ಇರ್ಬೆಸಾರ್ಟಾನ್‌ಗೆ. ಟೆಲ್ಮಿಸಾರ್ಟಾನ್ ತಿನ್ನುತ್ತಿದ್ದರೆ ಗಾಬರಿ ಬೇಡ, ಕೆಲಸದ ದಾರಿ ಒಂದೇ, ಅದೂ ಪ್ರೋಟೀನ್ ಇಳಿಸುತ್ತದೆ. ಜೊತೆಗೆ ಅದು ಹೆಚ್ಚುಕಡಿಮೆ ಪೂರ್ತಿ ಪಿತ್ತದ ಮೂಲಕ ಹೊರಹೋಗುತ್ತದೆ, ಹಾಗಾಗಿ ಕಿಡ್ನಿ ಸೋತವರಲ್ಲಿ ಮೈಯಲ್ಲಿ ಶೇಖರವಾಗುವ ಭಯ ಕಡಿಮೆ. ಪಿತ್ತನಾಳ ಕಟ್ಟಿಕೊಂಡವರಿಗೆ, ಲಿವರ್ ತೀರಾ ಕೆಟ್ಟವರಿಗೆ ಇದೇ ಗುಣ ತೊಡಕು.

ಇಲ್ಲೊಂದು ಗೊಂದಲ ಬಹಳ ಜನರಿಗೆ ಆಗುತ್ತದೆ. ಮಾತ್ರೆ ಶುರು ಮಾಡಿದ ಮೇಲೆ ಕ್ರಿಯಾಟಿನಿನ್ ಸ್ವಲ್ಪ ಏರುತ್ತದೆ. ರಿಪೋರ್ಟ್ ನೋಡಿ 'ಅಯ್ಯೋ, ಕಿಡ್ನಿ ಉಳಿಸಲಿಕ್ಕೆ ಅಂತ ಕೊಟ್ಟದ್ದು ಕಿಡ್ನಿಯನ್ನೇ ತಿನ್ನುತ್ತಿದೆ' ಅಂತ ಮಾತ್ರೆ ಬಿಟ್ಟುಬಿಡುತ್ತಾರೆ. ಗೂಡಿನ ಒತ್ತಡ ಇಳಿದಾಗ ಸೋಸುವ ಪ್ರಮಾಣವೂ ಸ್ವಲ್ಪ ಇಳಿಯುವುದು ಸಹಜ. ಮೊದಲಿನದಕ್ಕಿಂತ ಶೇ. 30ರ ಒಳಗೆ ಏರಿದರೆ ಸಾಮಾನ್ಯವಾಗಿ ಮುಂದುವರಿಸುತ್ತಾರೆ. ಅದನ್ನೂ ಮೀರಿದರೆ ಕಾರಣ ಹುಡುಕಬೇಕು, ಎರಡೂ ಕಡೆಯ ಕಿಡ್ನಿಯ ರಕ್ತನಾಳ ಕಿರಿದಾಗಿರಬಹುದು. ಕಿಡ್ನಿ ತೀರಾ ಸೋತವರಲ್ಲಿ ಮಾತ್ರೆ ನಿಲ್ಲಿಸಿದರೆ ಒಳ್ಳೆಯದಾಗುತ್ತದಾ ಅಂತಲೂ 2022ರಲ್ಲಿ ಬ್ರಿಟನ್ನಿನ ಒಂದು ಪ್ರಯೋಗ 411 ಜನರ ಮೇಲೆ ನೋಡಿತು. ನಿಲ್ಲಿಸಿದವರ ಕಿಡ್ನಿ ಏನೂ ಸುಧಾರಿಸಲಿಲ್ಲ.

ಹೃದಯ ಸೋತಿದ್ದರೆ

ಹಾರ್ಟ್ ಫೇಲ್ಯೂರ್‌ನಲ್ಲಿ ಪುರಾವೆ ಇರುವುದು ಕ್ಯಾಂಡೆಸಾರ್ಟಾನ್, ವಾಲ್ಸಾರ್ಟಾನ್, ಲೋಸಾರ್ಟಾನ್ ಈ ಮೂರಕ್ಕೆ. 'ಪ್ರಿಲ್' ಒಗ್ಗದ 2,028 ಜನರಿಗೆ ಕ್ಯಾಂಡೆಸಾರ್ಟಾನ್ ಕೊಟ್ಟಾಗ ಹೃದಯದ ಸಾವು ಅಥವಾ ಆಸ್ಪತ್ರೆ ಸೇರುವುದು ಶೇ. 23ರಷ್ಟು ತಗ್ಗಿತು, ಅದು 2003ರ ಮಾತು. ಅದೇ ವರ್ಷ ಹೃದಯಾಘಾತ ಆದ 14,703 ಜನರಲ್ಲಿ ವಾಲ್ಸಾರ್ಟಾನ್ ಕ್ಯಾಪ್ಟೊಪ್ರಿಲ್‌ಗೆ ಸಮ ಅಂತ ಗೊತ್ತಾಯಿತು. ಲೋಸಾರ್ಟಾನ್‌ನಲ್ಲಿ ಡೋಸಿನದೇ ಪ್ರಶ್ನೆ: 2009ರ ಹೋಲಿಕೆಯಲ್ಲಿ 50 ಮಿಲಿಗ್ರಾಂಗಿಂತ 150 ಮಿಲಿಗ್ರಾಂ ಮೇಲು ಅಂತ ಕಂಡುಬಂತು.

ಈಗ ಆಟ ಇನ್ನೂ ಮುಂದಕ್ಕೆ ಹೋಗಿದೆ. ವಾಲ್ಸಾರ್ಟಾನ್ ಜೊತೆ ಸಾಕುಬಿಟ್ರಿಲ್ ಸೇರಿಸಿದ ಮಾತ್ರೆ 2014ರಲ್ಲಿ ಎನಾಲಾಪ್ರಿಲ್‌ ಅನ್ನು ಸ್ಪಷ್ಟವಾಗಿ ಸೋಲಿಸಿತು, ಸಾವು ಮತ್ತು ಆಸ್ಪತ್ರೆ ಸೇರುವುದು ಸೇರಿ ಶೇ. 20 ಕಡಿಮೆ. ಹೃದಯದ ಪಂಪ್ ಬಲ ಕುಗ್ಗಿದವರು ಯಾವ ಸಾರ್ಟಾನ್ ಅಂತ ಕೇಳುವುದಕ್ಕಿಂತ ಈ ಜೋಡಿ ಮಾತ್ರೆ ನನಗೆ ಹೊಂದುತ್ತದಾ ಅಂತ ಕೇಳುವುದು ಒಳ್ಳೆಯದು. 'ಪ್ರಿಲ್' ತಿನ್ನುತ್ತಿದ್ದವರು ಅದನ್ನು ನಿಲ್ಲಿಸಿ 36 ಗಂಟೆ ಬಿಟ್ಟೇ ಇದನ್ನು ಶುರು ಮಾಡಬೇಕು, ಇಲ್ಲದಿದ್ದರೆ ಆ ಗಂಟಲು ಊದುವ ಅಪಾಯ ಇದೆ. ಇದರೊಳಗೇ ಸಾರ್ಟಾನ್ ಇರುವುದರಿಂದ ಮೇಲೆ ಇನ್ನೊಂದು ಸಾರ್ಟಾನ್ ಬೇಡ.

ಯೂರಿಕ್ ಆಸಿಡ್, ಲಕ್ವ, ತಲೆನೋವು

ಗೌಟ್, ಅಂದರೆ ಯೂರಿಕ್ ಆಸಿಡ್ ಏರಿ ಕೀಲು ಊದಿ ನೋಯುವ ಕಾಯಿಲೆ, ಇದ್ದವರಿಗೆ ಆಯ್ಕೆ ಸುಲಭ, ಲೋಸಾರ್ಟಾನ್. ಯೂರಿಕ್ ಆಸಿಡ್ ಅನ್ನು ಮೂತ್ರದಲ್ಲಿ ಹೊರಹಾಕುವ ಗುಣ ಇದಕ್ಕಿದೆ, ಉಳಿದ ಸಾರ್ಟಾನ್‌ಗಳಿಗೆ ಇದು ಹೀಗೆ ಇಲ್ಲ. ಅಮೆರಿಕದ ಸಂಧಿವಾತ ತಜ್ಞರ 2020ರ ಮಾರ್ಗಸೂಚಿಯೂ ಗೌಟ್ ಇರುವವರಿಗೆ ಸಾಧ್ಯವಾದಾಗ ಲೋಸಾರ್ಟಾನ್ ಅನ್ನೇ ಆರಿಸಿ ಎನ್ನುತ್ತದೆ. ಅದೊಂದೇ ಗೌಟ್ ವಾಸಿ ಮಾಡುವಷ್ಟು ಬಲದ್ದಲ್ಲ, ಆದರೆ ಹೇಗೂ ಬಿಪಿಗೆ ಒಂದು ಮಾತ್ರೆ ಬೇಕು, ಅದು ಇದೇ ಆದರೆ ಒಂದು ಏಟಿಗೆ ಎರಡು ಹಕ್ಕಿ.

ಲಕ್ವದ ವಿಷಯದಲ್ಲೂ ಲೋಸಾರ್ಟಾನ್ ಹೆಸರು ಬರುತ್ತದೆ. 2002ರ ಲೈಫ್ ಪ್ರಯೋಗದಲ್ಲಿ, ಬಿಪಿಯಿಂದ ಹೃದಯದ ಗೋಡೆ ದಪ್ಪವಾಗಿದ್ದ 9,193 ಜನರಲ್ಲಿ, ಅಟೆನೊಲಾಲ್ ಎಂಬ ಹಳೆಯ ಬಿಪಿ ಮಾತ್ರೆ ತಿಂದವರಿಗಿಂತ ಲೋಸಾರ್ಟಾನ್ ತಿಂದವರಲ್ಲಿ ಲಕ್ವ ಶೇ. 25 ಕಡಿಮೆ, ಹೊಸದಾಗಿ ಶುಗರ್ ಬಂದವರೂ ಶೇ. 25 ಕಡಿಮೆ. ದೊಡ್ಡ ಅಂಕಿಯೇ. ಆದರೆ ಎದುರಾಳಿ ಯಾರಿದ್ದರು ನೋಡಿ. ಅಟೆನೊಲಾಲ್ ಲಕ್ವ ತಡೆಯುವುದರಲ್ಲಿ ದುರ್ಬಲ, ಶುಗರ್ ವಿಷಯದಲ್ಲೂ ಅಷ್ಟು ಒಳ್ಳೆಯದಲ್ಲ. ಸೋಲುವ ಪೈಲ್ವಾನನ ಎದುರು ಗೆದ್ದರೆ ಗೆಲುವಿನ ತೂಕ ಸ್ವಲ್ಪ ಕಡಿಮೆಯೇ.

ಮೈಗ್ರೇನ್ ಪದೇ ಪದೇ ಬರುವವರಿಗೆ ಕ್ಯಾಂಡೆಸಾರ್ಟಾನ್ ಬಗ್ಗೆ ಕೇಳಬಹುದು. ನಾರ್ವೆಯಲ್ಲಿ 2003ರಲ್ಲಿ 60 ಜನರ ಮೇಲೆ ದಿನಕ್ಕೆ 16 ಮಿಲಿಗ್ರಾಂ ಕೊಟ್ಟು ನೋಡಿದಾಗ ತಲೆನೋವಿನ ದಿನಗಳು ಇಳಿದವು. 2014ರಲ್ಲಿ ಅದೇ ದೇಶದವರು ಮೈಗ್ರೇನ್ ತಡೆಯಲು ಕೊಡುವ ಪ್ರೊಪ್ರನೊಲಾಲ್ ಎಂಬ ಮಾತ್ರೆ ಜೊತೆ ಹೋಲಿಸಿದಾಗ ಅದಕ್ಕೆ ಕಡಿಮೆಯೇನೂ ಇಲ್ಲ ಅಂತಾಯಿತು. ಆಸ್ತಮಾದಿಂದ ಪ್ರೊಪ್ರನೊಲಾಲ್ ತಿನ್ನಲಾಗದವರಿಗೆ ಇದು ಒಳ್ಳೆಯ ಸುದ್ದಿ.

'ಎಕ್ಸ್‌ಟ್ರಾ ಲಾಭ'ಗಳ ಬಗ್ಗೆ ಸ್ವಲ್ಪ ಕಿವಿ ಹಿಂಡಬೇಕು

ಟೆಲ್ಮಿಸಾರ್ಟಾನ್ ಕೊಬ್ಬು, ಶುಗರ್‌ಗೆ ಸಂಬಂಧಿಸಿದ ಪಿಪಿಎಆರ್ ಗಾಮಾ ಎಂಬ ಇನ್ನೊಂದು ಸ್ವಿಚ್ಚನ್ನೂ ಅರ್ಧಂಬರ್ಧ ಒತ್ತುತ್ತದೆ. ಲ್ಯಾಬ್‌ನಲ್ಲಿ ಇದು ನಿಜ. ಇದನ್ನೇ ಹಿಡಿದುಕೊಂಡು ಟೆಲ್ಮಿಸಾರ್ಟಾನ್ ಹೊಟ್ಟೆ ಕರಗಿಸುತ್ತದೆ, ಶುಗರ್ ಓಡಿಸುತ್ತದೆ ಅಂತ ವ್ಯಾಯಾಮದ ಗುಂಪುಗಳಲ್ಲಿ ಹಬ್ಬಿಸುವವರಿದ್ದಾರೆ. ಬಿಪಿ ಇಲ್ಲದವರು ಸುಮ್ನೆ ಇದನ್ನು ನುಂಗುವುದು ಹುಚ್ಚುತನ. ಸಾರ್ಟಾನ್‌ನಿಂದ ಶುಗರ್ ತಡೆಯಬಹುದಾ ಅನ್ನುವುದಕ್ಕೆ ದೊಡ್ಡ ಪರೀಕ್ಷೆ ಆದದ್ದು ವಾಲ್ಸಾರ್ಟಾನ್‌ಗೆ, 2010ರಲ್ಲಿ, ಶುಗರ್ ಗಡಿಯಲ್ಲಿದ್ದ 9,306 ಜನರ ಮೇಲೆ. ವಾಲ್ಸಾರ್ಟಾನ್ ತಿಂದವರಲ್ಲಿ ಶುಗರ್ ಬಂದವರು ಶೇ. 33.1, ಸುಳ್ಳು ಮಾತ್ರೆಯವರಲ್ಲಿ ಶೇ. 36.8. ಲಾಭ ಇದೆ, ಆದರೆ ಸಣ್ಣದು. ಹೃದಯದ ಅವಘಡಗಳಂತೂ ಕಡಿಮೆ ಆಗಲೇ ಇಲ್ಲ.

ಇಲಿಯಿಂದ ಮನುಷ್ಯನವರೆಗಿನ ದಾರಿ ಎಷ್ಟು ಅಂಕುಡೊಂಕು ಅನ್ನುವುದಕ್ಕೆ ಮಾರ್ಫಾನ್ ಸಿಂಡ್ರೋಮ್ ಒಳ್ಳೆಯ ಉದಾಹರಣೆ. ಇದು ಹುಟ್ಟಿನಿಂದ ಬರುವ ಕಾಯಿಲೆ, ಮಹಾಧಮನಿ ಹಿಗ್ಗುತ್ತಾ ಹೋಗುತ್ತದೆ. 2006ರಲ್ಲಿ ಲೋಸಾರ್ಟಾನ್ ಕೊಟ್ಟ ಇಲಿಗಳಲ್ಲಿ ಈ ಹಿಗ್ಗುವಿಕೆ ನಿಂತೇಹೋಯಿತು, ಎಲ್ಲೆಡೆ ಸಂಭ್ರಮ. 2014ರಲ್ಲಿ 608 ಮಕ್ಕಳು ಮತ್ತು ಯುವಕರ ಮೇಲೆ ನೋಡಿದರೆ ಅಟೆನೊಲಾಲ್‌ಗಿಂತ ಹೆಚ್ಚೇನೂ ಸಿಗಲಿಲ್ಲ. ಮತ್ತೆ 2019ರಲ್ಲಿ ಬ್ರಿಟನ್ನಿನಲ್ಲಿ ಇರ್ಬೆಸಾರ್ಟಾನ್ ಹಿಗ್ಗುವ ವೇಗವನ್ನು ಸ್ವಲ್ಪ ತಗ್ಗಿಸಿತು. ಸೋಲೂ ಅಲ್ಲ, ಪವಾಡವೂ ಅಲ್ಲ. ಆಲ್ಝೈಮರ್ಸ್‌ನಲ್ಲಿ ಲೋಸಾರ್ಟಾನ್ ಕೊಟ್ಟು ನೋಡಿದ ಬ್ರಿಟನ್ನಿನ 2021ರ ಪ್ರಯೋಗದಲ್ಲಿ ಮಿದುಳು ಕುಗ್ಗುವುದು ಕಡಿಮೆ ಆಗಲಿಲ್ಲ. ಜಪಾನಿನ ಕಥೆ ಇನ್ನೂ ಕಹಿ. 2009ರ ಕ್ಯೋಟೋ ಹಾರ್ಟ್ ಸ್ಟಡಿ ವಾಲ್ಸಾರ್ಟಾನ್ ಬಗ್ಗೆ ನಂಬಲಾಗದಷ್ಟು ಒಳ್ಳೆಯ ಫಲಿತಾಂಶ ಕೊಟ್ಟಿತ್ತು, 2013ರಲ್ಲಿ ಆ ಲೇಖನವನ್ನೇ ವಾಪಸ್ ತೆಗೆದುಕೊಳ್ಳಬೇಕಾಯಿತು.

ಹೆದರಿಸುವ ಸುದ್ದಿಗಳು

2010ರಲ್ಲಿ ಸಾರ್ಟಾನ್‌ನಿಂದ ಕ್ಯಾನ್ಸರ್ ಸ್ವಲ್ಪ ಜಾಸ್ತಿ ಅಂತ ಒಂದು ವಿಶ್ಲೇಷಣೆ ಬಂತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 31 ಪ್ರಯೋಗಗಳ ಸುಮಾರು 1,56,000 ಜನರ ಮಾಹಿತಿ ಜಾಲಾಡಿ 2011ರಲ್ಲಿ ಅಂಥದ್ದೇನೂ ಇಲ್ಲ ಎಂದಿತು. 2018ರ ವಾಲ್ಸಾರ್ಟಾನ್ ವಾಪಸಾತಿ ಬೇರೆಯದೇ ವಿಷಯ. ಅಲ್ಲಿ ಕ್ಯಾನ್ಸರ್ ತರಬಹುದಾದ ಎನ್‌ಡಿಎಂಎ ಎಂಬ ಕಲ್ಮಶ ಸಿಕ್ಕಿತ್ತು, ತಪ್ಪು ಔಷಧದ್ದಲ್ಲ, ತಯಾರಿಸುವ ಕ್ರಮದ್ದು. ಔಷಧದ ಅಣುವಿನಲ್ಲಿ ಟೆಟ್ರಜೋಲ್ ಎಂಬ ಉಂಗುರ ಕಟ್ಟುವ ಹಂತದಲ್ಲಿ ಅದು ಹುಟ್ಟಿಕೊಳ್ಳುತ್ತಿತ್ತು, ಮುಂದೆ ಲೋಸಾರ್ಟಾನ್, ಇರ್ಬೆಸಾರ್ಟಾನ್‌ನ ಕೆಲವು ಬ್ಯಾಚ್‌ಗಳಲ್ಲೂ ಇಂಥ ಕಲ್ಮಶಗಳು ಕಂಡವು. ಟೆಲ್ಮಿಸಾರ್ಟಾನ್‌ನಲ್ಲಿ ಆ ಉಂಗುರವೇ ಇಲ್ಲ. ಕೋವಿಡ್ ಶುರುವಾದಾಗ ಈ ಮಾತ್ರೆ ಬಿಡಬೇಕಾ ಅಂತ ಗಲಾಟೆಯಾಯಿತಲ್ಲ, ಬ್ರೆಜಿಲ್‌ನಲ್ಲಿ 659 ರೋಗಿಗಳಲ್ಲಿ ಬಿಟ್ಟು ನೋಡಿದರು, ಮುಂದುವರಿಸಿ ನೋಡಿದರು, ವ್ಯತ್ಯಾಸ ಸಿಗಲಿಲ್ಲ.

ಓಲ್ಮೆಸಾರ್ಟಾನ್ ಬಗ್ಗೆ ಮಾತ್ರ ಒಂದು ನಿಜವಾದ ಎಚ್ಚರಿಕೆ ಇದೆ. ತಿಂಗಳುಗಟ್ಟಲೆ, ವರ್ಷಗಟ್ಟಲೆ ತಿಂದ ಮೇಲೆ ಕೆಲವರಿಗೆ ನಿಲ್ಲದ ಭೇದಿ, ತೂಕ ಇಳಿಕೆ. ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆಯ ಥರವೇ ಕಾಣುತ್ತದೆ, ಆದರೆ ಗೋಧಿ ಬಿಟ್ಟರೂ ನಿಲ್ಲುವುದಿಲ್ಲ, ಮಾತ್ರೆ ಬಿಟ್ಟರೆ ನಿಲ್ಲುತ್ತದೆ. 2012ರಲ್ಲಿ ಮೇಯೋ ಕ್ಲಿನಿಕ್ 22 ಇಂಥ ರೋಗಿಗಳ ವಿವರ ಕೊಟ್ಟಿತು, ಮರುವರ್ಷ ಎಫ್‌ಡಿಎ ಎಚ್ಚರಿಕೆ ಸೇರಿಸಿತು. ಅಪರೂಪ ನಿಜ. ಆದರೂ ಬೇರೆ ಇಷ್ಟು ಸಾರ್ಟಾನ್ ಇರುವಾಗ, ಮೊದಲೇ ಹೊಟ್ಟೆಯ ಕಾಟ ಇರುವವರಿಗೆ ನಾನಾದರೆ ಇದನ್ನು ಕೊನೆಗೆ ಇಡುತ್ತೇನೆ.

ಯಾವುದನ್ನೇ ಆರಿಸಿದರೂ

ಬಸುರಿಯಾದವರಿಗೆ, ಬಸುರಿಯಾಗಬೇಕು ಅಂತ ಇರುವವರಿಗೆ ಯಾವ ಸಾರ್ಟಾನೂ ಬೇಡ. ಮಗುವಿನ ಕಿಡ್ನಿ ಕೆಡುತ್ತದೆ, ಜೀವಕ್ಕೂ ಅಪಾಯ. ಇದರಲ್ಲಿ ಒಳ್ಳೆಯ ಸಾರ್ಟಾನ್, ಕೆಟ್ಟ ಸಾರ್ಟಾನ್ ಅಂತಿಲ್ಲ.

ಪೊಟ್ಯಾಸಿಯಂ ಏರುವುದು ಎಲ್ಲದರಲ್ಲೂ ಇರುವ ತೊಂದರೆ. 'ಕಡಿಮೆ ಸೋಡಿಯಂ' ಉಪ್ಪು ಬಿಪಿಗೆ ಒಳ್ಳೆಯದು ಅಂತ ತರುತ್ತಾರಲ್ಲ, ಅದರಲ್ಲಿ ಸೋಡಿಯಂ ಬದಲು ಇರುವುದು ಪೊಟ್ಯಾಸಿಯಂ ಕ್ಲೋರೈಡ್. ಸಾರ್ಟಾನ್ ತಿನ್ನುವವರು, ಅದರಲ್ಲೂ ಕಿಡ್ನಿ ಸೋತವರು, ಕೇಳದೆ ಅದನ್ನು ಬಳಸಬಾರದು. ಪೊಟ್ಯಾಸಿಯಂ ಏರಿಸುವ ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ಜೊತೆಗಿದ್ದರೆ ಇನ್ನೂ ಹುಷಾರು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಥರದ ನೋವಿನ ಮಾತ್ರೆಗಳು ಬಿಪಿ ಏರಿಸುತ್ತವೆ, ಕಿಡ್ನಿಗೂ ಹೊರೆ. ಸಾರ್ಟಾನ್, ಮೂತ್ರ ಹೆಚ್ಚಿಸುವ ಮಾತ್ರೆ, ನೋವಿನ ಮಾತ್ರೆ, ಈ ಮೂರೂ ಒಟ್ಟಿಗೆ ಸೇರಿದರೆ ಕಿಡ್ನಿ ದಿಢೀರ್ ಅಂತ ಕೈಕೊಡಬಹುದು. ವಾಂತಿ ಭೇದಿಯಾಗಿ ನೀರು ಕಳೆದುಕೊಂಡ ದಿನ ಮಾತ್ರೆ ತಿನ್ನಬೇಕಾ ಬಿಡಬೇಕಾ ಅಂತ ಫೋನ್ ಮಾಡಿಯಾದರೂ ಕೇಳಿ.

ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವಾಗ ಮಿಲಿಗ್ರಾಂ ನೋಡಿ ಹೋಲಿಸಬೇಡಿ. ಟೆಲ್ಮಿಸಾರ್ಟಾನ್ 80, ಕ್ಯಾಂಡೆಸಾರ್ಟಾನ್ 32, ಓಲ್ಮೆಸಾರ್ಟಾನ್ 40, ಇರ್ಬೆಸಾರ್ಟಾನ್ 300, ವಾಲ್ಸಾರ್ಟಾನ್ 320, ಇವೆಲ್ಲ ಅವರವರ ಮನೆಯ ಪೂರ್ತಿ ಡೋಸ್. 320 ಕಂಡು 'ಅಬ್ಬಾ, ಹೆವಿ ಮಾತ್ರೆ' ಅಂತ ಹೆದರುವವರೂ ಇದ್ದಾರೆ, 40 ಕಂಡು 'ಇಷ್ಟೇನಾ' ಅನ್ನುವವರೂ ಇದ್ದಾರೆ. ಹೊಸದರ ಪೂರ್ತಿ ಪರಿಣಾಮ ಕಾಣಲು ಸುಮಾರು 4 ವಾರ ಬೇಕು, ಮೂರನೇ ದಿನಕ್ಕೇ ಕೆಲಸ ಮಾಡುತ್ತಿಲ್ಲ ಅಂತ ತೀರ್ಮಾನ ಮಾಡಬೇಡಿ. ಅಷ್ಟರಲ್ಲಿ ಮನೆಯಲ್ಲಿ ಬೆಳಿಗ್ಗೆ ಮಾತ್ರೆಗೆ ಮೊದಲು ಒಮ್ಮೆ, ಸಂಜೆ ಒಮ್ಮೆ ಬಿಪಿ ಬರೆದಿಡಿ. ಶುರು ಮಾಡಿದ ಒಂದೆರಡು ವಾರಕ್ಕೆ ಮತ್ತು ಡೋಸ್ ಏರಿಸಿದಾಗಲೆಲ್ಲ ಕ್ರಿಯಾಟಿನಿನ್, ಪೊಟ್ಯಾಸಿಯಂ ಎರಡರ ರಕ್ತಪರೀಕ್ಷೆ ಮಾಡಿಸಿ. ಡಾಕ್ಟರ್ ಬರೆದುಕೊಡಲು ಮರೆತಿದ್ದರೆ ನೀವೇ ನೆನಪಿಸಿ.